ಮಳೆ ನೋಡಲು ಒಮಾನಿಗೆ

"ಇಲ್ಲಿ ಬರುವ ಮಳೆ ಸಾಲದಾ ನಿನಗೆ?"

ಅಮ್ಮ ಕೇಳಿದ್ದು ಇಷ್ಟೇ. ಸೋಣ ತಿಂಗಳು. ಮಲ್ಪೆಯ ನಮ್ಮ ಮನೆಯಲ್ಲಿ ಒಗೆದ ಬಟ್ಟೆ ನಾಲ್ಕು ದಿನದಿಂದ ಒಣಗಿರಲಿಲ್ಲ. ಅಂಗಳದಲ್ಲಿ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತಿತ್ತು. ಅಂಥ ಹೊತ್ತಿನಲ್ಲಿ ನಾನು ಮಳೆ ನೋಡಲು ಮರಳುಗಾಡಿನ ದೇಶಕ್ಕೆ ಹೊರಟಿದ್ದೆ.

ಇದಕ್ಕೆಲ್ಲ ಕಾರಣ ಕಾಪು. ಊರಲ್ಲ, ಗೆಳೆಯ. ಹಾಸ್ಟೆಲಿನಲ್ಲಿ ನಮ್ಮನ್ನೆಲ್ಲ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಅವನು ಕಾಪು, ನಾನು ಮಲ್ಪೆ. ಇಪ್ಪತ್ತು ವರ್ಷ ಕಳೆದರೂ ಹೆಸರು ಹಾಗೇ ಉಳಿದಿದೆ. ಅವನು ಮಸ್ಕತ್‌ನಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದಾನೆ. ವರ್ಷಕ್ಕೊಮ್ಮೆ ಕಾರು ತೆಗೆದುಕೊಂಡು ಸಲಾಲಾಕ್ಕೆ ಹೋಗುತ್ತಾನೆ. ಸಲಾಲಾ ಒಮಾನಿನ ದಕ್ಷಿಣದ ತುದಿಯ ಊರು, ಯೆಮನ್ ಗಡಿಯ ಹತ್ತಿರ. ಒಳದಾರಿಯಲ್ಲಿ ಸುಮಾರು 1000 ಕಿ.ಮೀ. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗೆ ಅಲ್ಲಿ ಮಳೆಗಾಲ. ಅದಕ್ಕೆ ಅವರು ಖರೀಫ್ ಅನ್ನುತ್ತಾರೆ. ನಮ್ಮ ಕೃಷಿ ಇಲಾಖೆಯವರು ಮುಂಗಾರು ಬೆಳೆಗೆ ಹೇಳುವ ಖರೀಫ್ ಇದೇ ಶಬ್ದ.

"ಈ ಸಲ ಒಳದಾರಿ ಬೇಡ, ಕಡಲ ಬದಿಯಲ್ಲೇ ಹೋಗುವ. ನೀನೂ ಬಾ ಮಾರಾಯ" ಅಂದ. ದಾರಿ ದೂರ, ಆದರೆ ಕಡಲು ಜೊತೆಗಿರುತ್ತದೆ. ಹೊರಟೆ.

ಮೊದಲ ದಿನ: ಬಜ್ಪೆಯಿಂದ ಮಸ್ಕತ್

ಬಜ್ಪೆಯಲ್ಲಿ ಕೊಡೆ ಮಡಚಿ ವಿಮಾನ ಹತ್ತಿದ್ದು. ಮೂರು ಗಂಟೆಯಲ್ಲಿ ಮಸ್ಕತ್. ಬಾಗಿಲು ತೆರೆದಾಗ ಅಕ್ಕಿ ಬೇಯುವ ಹಂಡೆಯ ಮುಚ್ಚಳ ತೆಗೆದ ಹಾಗಾಯಿತು. ಕತ್ತಲಾದ ಮೇಲೂ ಸೆಕೆ ಇಳಿದಿರಲಿಲ್ಲ.

ನನ್ನ ಪೆಟ್ಟಿಗೆಯಲ್ಲಿ ಅರ್ಧಕ್ಕರ್ಧ ಅವನದೇ ಸಾಮಾನು. ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ, ಐದು ಕಿಲೋ ಕುಚ್ಚಲಕ್ಕಿ. "ಅಕ್ಕಿ ಇಲ್ಲಿ ಸಿಗುವುದಿಲ್ವಾ?" ಅಂದರೆ "ಸಿಗುತ್ತದೆ, ಆದರೆ ಊರಿಂದು ಊರಿಂದೇ" ಅಂದ. ಮಸ್ಕತ್‌ಗೆ ನಮ್ಮ ಅಕ್ಕಿ ಬರುವುದು ಹೊಸದೇನಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮಂಗಳೂರಿನ ಅಕ್ಕಿ ಹಡಗು ತುಂಬಿ ಇಲ್ಲಿಗೆ ಬರುತ್ತಿತ್ತು. ಟಿಪ್ಪು ಇಲ್ಲೊಂದು ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಅದಕ್ಕೂ ಹಿಂದಿನ ಲೆಕ್ಕ ಅಷ್ಟು ಸಿಹಿಯಲ್ಲ. ಪೋರ್ಚುಗೀಸರು ಮಸ್ಕತ್ ಹಿಡಿದದ್ದು 1507ರಲ್ಲಿ. ಒಮಾನಿಗಳು ಅವರನ್ನು ಓಡಿಸಿದ್ದು 1650ರಲ್ಲಿ. ನಮ್ಮ ಕರಾವಳಿಯಲ್ಲೂ ಬೀಡುಬಿಟ್ಟಿದ್ದ ಪೋರ್ಚುಗೀಸರು ಅರಬರ ವ್ಯಾಪಾರಕ್ಕೆ ಅಡ್ಡ ಬಂದರೆಂಬ ಸಿಟ್ಟಿಗೆ 1695ರಲ್ಲಿ ಅರಬರು ಮಂಗಳೂರಿಗೇ ಬೆಂಕಿ ಇಟ್ಟರು.

"ಇದನ್ನೆಲ್ಲ ಇಲ್ಲಿ ಜೋರಾಗಿ ಹೇಳಬೇಡ, ನನಗೆ ಇನ್ನೂ ವೀಸಾ ಬೇಕು" ಅಂತ ಕಾಪು ನಕ್ಕ.

ರಾತ್ರಿ ಮುತ್ರಾದ ಹಳೇ ಪೇಟೆಯಲ್ಲಿ ಸುಮ್ನೆ ಸುತ್ತಿದೆವು. ಒಂದು ಅಂಗಡಿಯಲ್ಲಿ ಹಳೇ ನೋಟುಗಳಿದ್ದವು. ಒಮಾನಿನಲ್ಲಿ 1970ರವರೆಗೂ ರೂಪಾಯಿಯೇ ನಡೆಯುತ್ತಿತ್ತು. ಕೊಲ್ಲಿ ದೇಶಗಳಿಗೆಂದೇ ನಮ್ಮ ರಿಸರ್ವ್ ಬ್ಯಾಂಕ್ 1959ರಲ್ಲಿ ಬೇರೆ ನೋಟು ಹೊರಡಿಸಿತ್ತು. ಈಗ ಒಂದು ರಿಯಾಲ್ ಕೊಳ್ಳಲು 200ಕ್ಕಿಂತ ಜಾಸ್ತಿ ರೂಪಾಯಿ ಬೇಕು. ಚಿಲ್ಲರೆಗೆ ಮಾತ್ರ ಇನ್ನೂ ಬೈಸಾ ಅನ್ನುತ್ತಾರೆ. ನಮ್ಮ ಪೈಸೆಯೇ. ಅವರಲ್ಲಿ ಒಂದು ರಿಯಾಲಿಗೆ 1000 ಬೈಸಾ.

ಎರಡನೇ ದಿನ: ನಕ್ಷತ್ರದ ಗುಂಡಿ, ಮಂಜಿಯ ಊರು, ಆಮೆ

ಬೆಳಿಗ್ಗೆ ಐದಕ್ಕೇ ಹೊರಟೆವು. ಎಡಕ್ಕೆ ಕಡಲು, ಬಲಕ್ಕೆ ಬೋಳು ಬೆಟ್ಟ. ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟವನ್ನು ಇಷ್ಟು ಹತ್ತಿರದಿಂದ ನಾನು ನೋಡಿದ್ದು ಇದೇ ಮೊದಲು. ಕಾರು 120 ದಾಟಿದರೆ ಟಿಣ್ ಟಿಣ್ ಅಂತ ಗಂಟೆ ಬಾರಿಸುತ್ತದೆ. ಕಾಪು ಅದನ್ನು ಸರಿಯಾಗಿ 119ರಲ್ಲಿ ಇಟ್ಟುಕೊಂಡಿದ್ದ. ರಸ್ತೆಯಲ್ಲಿ ಗುಂಡಿಯಿಲ್ಲ, ಹಂಪಿಲ್ಲ, ಅಡ್ಡ ಬರುವ ದನವೂ ಇಲ್ಲ. ಪಡುಬಿದ್ರೆ ಹೆದ್ದಾರಿಯಲ್ಲಿ ಓಡಾಡಿದವನಿಗೆ ನಿದ್ದೆ ಬಂದುಬಿಡುತ್ತದೆ.

ಮೊದಲು ಇಳಿದದ್ದು ಬಿಮ್ಮಾ ಎಂಬಲ್ಲಿ. ಬಯಲಿನ ನಡುವೆ ದೊಡ್ಡ ಗುಂಡಿ, ತಳದಲ್ಲಿ ಹಸಿರು ನೀಲಿ ನೀರು. ಒಂದು ಕಾಲಕ್ಕೆ ಇಲ್ಲಿ ನಕ್ಷತ್ರ ಬಿತ್ತು ಅಂತ ಊರವರ ಕಥೆ. ಅರಬಿಯ ಹೆಸರಿನಲ್ಲೂ ನಕ್ಷತ್ರ ಇದೆ. ನಿಜವಾಗಿ ಆದದ್ದು ಇಷ್ಟು: ಒಳಗಿನ ಸುಣ್ಣಕಲ್ಲನ್ನು ನೀರು ಕರಗಿಸುತ್ತ ಹೋಯಿತು, ಮೇಲಿನ ಮಾಡು ಕುಸಿಯಿತು. ಮೆಟ್ಟಿಲಿಳಿದು ಕಾಲು ಬಿಟ್ಟು ಕುಳಿತರೆ ಸಣ್ಣ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತವೆ. ಮಂಗಳೂರಿನ ಮಾಲ್‌ಗಳಲ್ಲಿ ಇದಕ್ಕೇ ದುಡ್ಡು ಕೊಟ್ಟವರನ್ನು ಕಂಡಿದ್ದೇನೆ.

ಅಲ್ಲಿಂದ ವಾದಿ ಶಾಬ್. ವಾದಿ ಅಂದರೆ ಬೆಟ್ಟದ ನಡುವಿನ ಹೊಳೆಯ ಕಣಿವೆ. ಹೆದ್ದಾರಿಯ ಸೇತುವೆ ಕೆಳಗೆ ದೋಣಿಯವನು ಒಂದು ರಿಯಾಲಿಗೆ ಆಚೆ ದಾಟಿಸಿ, ವಾಪಸೂ ಕರೆತರುತ್ತಾನೆ. ದೋಣಿಯಲ್ಲಿ ಕುಳಿತು ಮುಗಿಯುವ ಮೊದಲೇ ಆಚೆ ದಡ ಬಂದಿರುತ್ತದೆ. ಮಡಲುಗಳಿಂದ ಕಟ್ಟಿದ ತಡಮೆಯೋ ಎಂಬಂತೆ ಖರ್ಜೂರದ ಸಾಲು, ಬದಿಯಲ್ಲಿ ಕಲ್ಲಿನ ತೋಡು. ಮುಕ್ಕಾಲು ಗಂಟೆ ನಡೆದ ಮೇಲೆ ನೀರಿಗೆ ಇಳಿಯಬೇಕು. ಈಜುತ್ತ ಹೋದರೆ ಕೊನೆಗೆ ಬಂಡೆಯಲ್ಲಿ ಒಂದು ಸೀಳು. ತಲೆ ಮಾತ್ರ ಹಿಡಿಯುವಷ್ಟು. ಅದರೊಳಗೆ ನುಸುಳಿದರೆ ಗುಹೆ, ಗುಹೆಯೊಳಗೆ ಅಬ್ಬಿ. ಮೇಲಿನ ತೂತಿನಿಂದ ಬಿಸಿಲು ನೀರಿಗೆ ಬಿದ್ದು ಗುಹೆಯೆಲ್ಲ ಹಸಿರು ಹಸಿರು.

ಈ ಗುಹೆಯನ್ನು ಕಂಡದ್ದು ನಾನೊಬ್ಬನೇ. ಕಾಪುವಿಗೆ ಈಜು ಬರುವುದಿಲ್ಲ. ಕಡಲ ಬದಿಯಲ್ಲೇ ಹುಟ್ಟಿ, 1901ರ ದೀಪಸ್ತಂಭದ ಬುಡದಲ್ಲಿ ಆಡಿ ಬೆಳೆದವನು. ಆದರೂ ಬರುವುದಿಲ್ಲ. "ಮಲ್ಪೆಯವರು ನೀರಿಗೆ ಇಳಿಯುವವರು, ಕಾಪುವಿನವರು ದೀಪ ತೋರಿಸುವವರು" ಅಂತ ಬಂಡೆಯ ಮೇಲೆ ಕುಳಿತು ನನ್ನ ಚಪ್ಪಲಿ ಕಾದ.

ಮಧ್ಯಾಹ್ನ ಖಲ್ಹಾತ್ ದಾಟಿದೆವು. ಲೋಕ ಸುತ್ತಿದ ಯಾತ್ರಿಕ ಇಬ್ನ್ ಬತೂತ ಬಂದಿಳಿದಿದ್ದ ಬಂದರು. ಈಗ ಉಳಿದಿರುವುದು ಬೀಬಿ ಮರಿಯಮ್ ಗೋರಿ ಮತ್ತು ಕಲ್ಲಿನ ರಾಶಿ. 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಬಿಸಿಲಿಗೆ ಹೆದರಿ ಕಾರಿನಿಂದಲೇ ನೋಡಿದೆವು. ನಾಚಿಕೆಯ ವಿಷಯ, ಆದರೆ ನಿಜ.

ಸೂರ್‌ನಲ್ಲಿ ಮಾತ್ರ ಬಿಸಿಲು ಮರೆತೆ. ಇದು ಮರದ ಹಡಗು ಕಟ್ಟುವವರ ಊರು. ಅವರದನ್ನು ಧೋ ಅನ್ನುತ್ತಾರೆ. ನಮ್ಮ ಹಳೇ ಬಂದರಿನ ದಕ್ಕೆಯಲ್ಲಿ ನಿಲ್ಲುವ ಮಂಜಿಯ, ಅಂದರೆ ಸರಕು ಸಾಗಿಸುವ ಮರದ ಹಡಗಿನ, ದಾಯಾದಿ. ಹಡಗುಕಟ್ಟೆಯೊಳಗೆ ಒಂದು ಧೋ ಅರ್ಧ ಕಟ್ಟಿ ನಿಂತಿತ್ತು, ಪಕ್ಕೆಲುಬುಗಳೆಲ್ಲ ಕಾಣುವ ಹಾಗೆ. ಕೆಳಗೆ ಬಿದ್ದ ತೇಗದ ಹೊಟ್ಟಿನ ವಾಸನೆ. ಈ ತೇಗ ತಲೆತಲಾಂತರದಿಂದ ಬಂದದ್ದು ನಮ್ಮ ಪಡುಗಡಲ ಕರೆಯಿಂದ. ಕೆಲಸ ಮಾಡುತ್ತಿದ್ದ ಬಡಗಿಯೂ ಆಚೆಯವನೇ, ಮಲಯಾಳಿ. "ಎವಿಡೆ?" ಅಂದ. "ಉಡುಪಿ" ಅಂದೆ. "ಆ, ಕೃಷ್ಣನ್!" ಅಂತ ನಕ್ಕು ಉಳಿ ಎತ್ತಿಕೊಂಡ. ಹೊರಗೆ ದಡದ ಮೇಲೆ 1951ರಲ್ಲಿ ಇಲ್ಲೇ ಕಟ್ಟಿದ ಫತಹ್ ಅಲ್ ಖೈರ್ ಎಂಬ ಹಡಗನ್ನು ನಿಲ್ಲಿಸಿದ್ದಾರೆ. ಎಲ್ಲೆಲ್ಲೋ ಕೈಬದಲಾಗಿ ಯೆಮನ್ ಸೇರಿತ್ತಂತೆ. ಊರವರು ದುಡ್ಡು ಹಾಕಿ ಮರಳಿ ತಂದರು. ಹಡಗಿನ ಮೇಲೂ ಇಷ್ಟು ಮಮತೆ ಇರುತ್ತದಲ್ಲ.

ರಾತ್ರಿ ಒಂಬತ್ತಕ್ಕೆ ರಾಸ್ ಅಲ್ ಜಿನ್ಸ್. ಹಸಿರು ಕಡಲಾಮೆ ಮೊಟ್ಟೆ ಇಡಲು ಬರುವ ದಡ. ವರ್ಷವಿಡೀ ಬರುತ್ತವೆ, ಈ ತಿಂಗಳುಗಳಲ್ಲಿ ಜಾಸ್ತಿ. ಮೊಬೈಲು ಬೆಳಗಿಸಬಾರದು, ಮಾತಾಡಬಾರದು. ಮಾರ್ಗದರ್ಶಿಯ ಹಿಂದೆ ಕತ್ತಲಲ್ಲಿ ಮರಳು ತುಳಿಯುತ್ತ ಹೋದೆವು. ಆಮೆ ಮೊದಲು ಕಣ್ಣಿಗೆ ಬೀಳಲಿಲ್ಲ, ಕಿವಿಗೆ ಬಿತ್ತು. ದಪ್, ದಪ್, ಆಮೇಲೆ ದೊಡ್ಡ ನಿಟ್ಟುಸಿರು. ನೂರು ಕಿಲೋ ಮೀರಿದ ಪ್ರಾಣಿ ತನ್ನ ಹಿಂಗಾಲನ್ನು ಸೌಟಿನ ಹಾಗೆ ಬಗ್ಗಿಸಿ ಮರಳು ಎತ್ತುತ್ತಿತ್ತು. ನೂರರ ಹತ್ತಿರ ಮೊಟ್ಟೆ, ಪಿಂಗ್‌ಪಾಂಗ್ ಚೆಂಡಿನಂಥವು, ಒಂದರ ಮೇಲೊಂದು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಅಳುವಲ್ಲ, ಮೈಯ ಉಪ್ಪನ್ನು ಹೊರಹಾಕುವ ದಾರಿ. ಕುಂದಾಪುರದ ಕಡೆಗೆ ಬರುವ ಆಲಿವ್ ರಿಡ್ಲಿ ಇದರ ಮುಂದೆ ಚಿಕ್ಕ ತಂಗಿ. ಹುಟ್ಟಿದ ದಡಕ್ಕೇ ಹೆಣ್ಣಾಮೆ ಮೊಟ್ಟೆ ಇಡಲು ಮರಳುತ್ತದೆ ಅಂತ ಮಾರ್ಗದರ್ಶಿ ಪಿಸುಗುಟ್ಟಿದಾಗ ಕಾಪು ನನ್ನ ಕಡೆ ನೋಡಿದ. ಏನೂ ಹೇಳಲಿಲ್ಲ.

ಮೂರನೇ ದಿನ: ಸೂರ್ಯ ಬಂದ ದಿಕ್ಕು

ನಸುಕಿನಲ್ಲಿ ಮತ್ತೆ ಅದೇ ದಡ. ಅರಬ್ ನೆಲ ಪೂರ್ವಕ್ಕೆ ಚಾಚಿ ಮುಗಿಯುವುದು ಇಲ್ಲೇ. ನಾನು ಇಷ್ಟು ವರ್ಷ ಕಂಡದ್ದು ಸೂರ್ಯ ಮುಳುಗುವ ಕಡಲು. ಮಲ್ಪೆಯಲ್ಲಿ ಹುಟ್ಟಿದವನಿಗೆ ಸೂರ್ಯ ಏಳುವುದು ಗದ್ದೆ, ತೆಂಗು, ಘಟ್ಟದ ಕಡೆಯಿಂದ. ಇಲ್ಲಿ ಅದೇ ಅರಬ್ಬೀ ಕಡಲು, ಆದರೆ ಸೂರ್ಯ ನೀರಿನಿಂದ ಎದ್ದ.

"ನಮ್ಮ ಊರಿನಿಂದ ಬಂದ ನೋಡು" ಅಂದೆ.

ಕಾಪು ಲೆಕ್ಕದ ಮನುಷ್ಯ. ಮೊಬೈಲ್ ತೆಗೆದು ನಕ್ಷೆ ನೋಡಿದ. "ಉಡುಪಿ ಆ ಕಡೆ, ಬಲಕ್ಕೆ, ಆಗ್ನೇಯ. ಇದು ನೇರ ಹೋದರೆ ಗುಜರಾತ್. ದ್ವಾರಕೆ."

ದ್ವಾರಕೆ! ಇಬ್ಬರೂ ಒಂದು ಗಳಿಗೆ ಸುಮ್ಮನಾದೆವು. ಉಡುಪಿಯ ಮಕ್ಕಳಿಗೆ ಈ ಕಥೆ ಹೇಳಿಕೊಡಬೇಕಾಗಿಲ್ಲ. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಹತ್ತಿರ ಗಾಳಿಗೆ ಸಿಕ್ಕಿಕೊಳ್ಳುತ್ತದೆ. ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ದಡ ಸೇರಿಸುತ್ತಾರೆ. ಹಡಗಿನವನು ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಕೃಷ್ಣ. ಆ ಹಡಗು ಗಾಳಿಗೆ ಇನ್ನೊಂದು ಕಡೆ ತಿರುಗಿದ್ದರೆ ಕೃಷ್ಣ ಇಲ್ಲಿ ಆಮೆಗಳ ನಡುವೆ ಬಂದಿಳಿಯುತ್ತಿದ್ದ ಅಂದೆ. "ಆಗ ನಿನ್ನ ಊರಲ್ಲಿ ಮಸಾಲೆದೋಸೆಯೂ ಇರುತ್ತಿರಲಿಲ್ಲ" ಅಂತ ಕಾಪು. ಅವನ ಭಕ್ತಿಯ ದಾರಿ ಯಾವಾಗಲೂ ಹೊಟ್ಟೆಯ ಮೂಲಕವೇ.

ಅಲ್ಲಿಂದ ದಕ್ಷಿಣಕ್ಕೆ. ಅಲ್ ಅಶ್ಖರಾ ಬರುವಾಗ ಕಾರಿನ ಎಸಿ ಆರಿಸಿದೆವು. ಕಿಟಕಿ ಇಳಿಸಿದರೆ ತಣ್ಣನೆಯ ಗಾಳಿ. ಮಸ್ಕತ್‌ನ ಬೆಂಕಿ ಎಲ್ಲಿ, ಇದೆಲ್ಲಿ! ನೈಋತ್ಯದ ಮುಂಗಾರು ಗಾಳಿ ಈ ದಡದ ಉದ್ದಕ್ಕೂ ಬೀಸುತ್ತದೆ. ಅದು ಮೇಲಿನ ಬಿಸಿನೀರನ್ನು ಆಚೆ ತಳ್ಳುತ್ತದೆ, ಅಡಿಯ ತಣ್ಣೀರು ಮೇಲೆ ಬರುತ್ತದೆ. ತಣ್ಣೀರಿನ ಜೊತೆ ಮೀನಿನ ಮೇವೂ. ಇಲ್ಲಿ ಮೀನು ಹೇರಳ. ಎಷ್ಟೆಂದರೆ ಒಮಾನಿನ ಕಡಲ ಕರೆಯಲ್ಲಿ ಒಣ ಬೂತಾಯಿಯನ್ನು ಒಂಟೆಗೂ ದನಕ್ಕೂ ಹಾಕುತ್ತಾರೆ. ನಾವು ಬೂತಾಯಿ ಪುಳಿಮುಂಚಿಗೆ ಜಗಳ ಮಾಡಿ ಬೆಳೆದವರು.

ಹೋಟೆಲಿನಲ್ಲಿ ಅಂಜಲ್ ಮೀನು ಕೇಳಿದೆವು. ಇಲ್ಲಿಯವರು ಕನಾದ್ ಅನ್ನುತ್ತಾರೆ. "ಈಗ ಬಂದ್" ಅಂದ ಹುಡುಗ. ಆಗಸ್ಟ್ 15ರಿಂದ ಎರಡು ತಿಂಗಳು ಅಂಜಲ್ ಹಿಡಿಯುವ ಹಾಗಿಲ್ಲ. ನಮ್ಮಲ್ಲಿ ಜೂನ್, ಜುಲೈ 61 ದಿನ ಬೋಟೇ ಇಳಿಯುವುದಿಲ್ಲ. ರಜೆ ಮುಗಿಸಿದ ಊರಿಂದ ರಜೆ ಶುರುವಾದ ಊರಿಗೆ ಬಂದು ಬಿದ್ದಿದ್ದೆ. ಕೊನೆಗೆ ಪರೋಟದೊಳಗೆ ಚೀಸ್ ಮತ್ತು ಒಮಾನ್ ಚಿಪ್ಸ್ ಪುಡಿ ಮಾಡಿ ಸುತ್ತಿಕೊಟ್ಟ. ಜೊತೆಗೆ ಕರಕ್ ಚಾಯ್. ಕೇಳಲು ವಿಚಿತ್ರ, ತಿನ್ನಲು ಎರಡು ಬೇಕು.

ಖಲೂಫ್ ಹತ್ತಿರ ಬಿಳೀ ಮರಳಿನ ದಿಬ್ಬಗಳು ನೇರ ಕಡಲಿಗೆ ಇಳಿಯುತ್ತವೆ, ಸಕ್ಕರೆ ಸುರಿದ ಹಾಗೆ. ಅದನ್ನು ಹತ್ತಿರದಿಂದ ನೋಡುವ ಆಸೆಗೆ ಕಾಪು ಕಾರನ್ನು ದಡಕ್ಕೆ ಇಳಿಸಿದ. ಫೋರ್ ವೀಲ್ ಡ್ರೈವ್ ಅಂತ ಧೈರ್ಯ. ಇನ್ನೂರು ಮೀಟರ್ ಹೋಗಿಲ್ಲ, ನಾಲ್ಕೂ ಚಕ್ರ ಹೂತುಹೋಯಿತು. ಕೈಯಲ್ಲಿ ಮರಳು ತೋಡಿದೆವು. ಚಕ್ರದಡಿ ಮ್ಯಾಟ್ ಹಾಕಿದೆವು. ನನ್ನ ಕೊಡೆಯನ್ನೂ ಹಾಕಿದೆವು. ಕಾರು ಮಿಸುಕಲಿಲ್ಲ, ಕೊಡೆಯ ಕಡ್ಡಿ ಮುರಿಯಿತು. ಒಂದು ಗಂಟೆ ಕಳೆದ ಮೇಲೆ ಪಿಕಪ್‌ನಲ್ಲಿ ಒಬ್ಬ ಮೀನುಗಾರ ಬಂದ, ವಯಸ್ಸಾದವನು. ನಮ್ಮನ್ನು ನೋಡಿದ, ಟಯರ್ ನೋಡಿದ, ಬಗ್ಗಿ ನಾಲ್ಕೂ ಟಯರಿನ ಗಾಳಿಯನ್ನು ಅರ್ಧ ಇಳಿಸಿದ. ಟಯರ್ ಚಪ್ಪಟೆಯಾಗಿ ಅಗಲವಾಯಿತು. ಒಂದೇ ಸಲಕ್ಕೆ ಕಾರು ಮೇಲೆ ಬಂತು. ಹಗ್ಗವೂ ಬೇಕಾಗಲಿಲ್ಲ. ದುಡ್ಡು ಕೊಡಲು ಹೋದರೆ ಎದೆಯ ಮೇಲೆ ಕೈಯಿಟ್ಟು ಬೇಡ ಅಂದ. ಬದಲಿಗೆ ಅವನೇ ಡಬ್ಬಿ ತೆರೆದು ಖರ್ಜೂರ ಕೊಟ್ಟ.

ರಾತ್ರಿ ದುಕ್ಮ್. ದೊಡ್ಡ ಬಂದರು, ಅಗಲ ರಸ್ತೆ, ಜನ ಕಡಿಮೆ. ಮಲಗಿದೆವು, ಅಷ್ಟೇ.

ನಾಲ್ಕನೇ ದಿನ: ಬರೀ ದಾರಿ

ಈ ದಿನದ ಬಗ್ಗೆ ಬರೆಯುವುದು ಕಡಿಮೆ, ಓಡಿಸಿದ್ದು ಜಾಸ್ತಿ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ತುಂಬಿಸಬೇಕು. ಮುಂದಿನದು ಎಲ್ಲಿದೆಯೋ. ಒಂಟೆಗಳು ರಸ್ತೆಯ ನಡುವೆ ನಿಂತು, ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಆಮೇಲೆ ದಾರಿ ಬಿಟ್ಟವು.

ಶುವೈಮಿಯಾದಲ್ಲಿ ಕಡಲ ಕರೆ ಕಣ್ಣು ಹರಿಯುವಷ್ಟು ಉದ್ದ. ಮನುಷ್ಯರ ಹೆಜ್ಜೆಯಿಲ್ಲ. ಅಲ್ಲಿಂದ ಹಾಸಿಕ್‌ಗೆ ಬೆಟ್ಟ ಕಡಿದು ಮಾಡಿದ ರಸ್ತೆ. ಮೊದಲು ಇದು ಇರಲಿಲ್ಲವಾದ್ದರಿಂದ ಕಡಲ ಬದಿಯಲ್ಲೇ ಸಲಾಲಾ ಮುಟ್ಟಲು ಆಗುತ್ತಿರಲಿಲ್ಲ. ಒಂದು ತಿರುವಿನಲ್ಲಿ ಬೆಟ್ಟ, ಇನ್ನೊಂದರಲ್ಲಿ ನೊರೆ ಕಾರುವ ಕಡಲು. ಆಗುಂಬೆಯನ್ನು ಬೋಳಿಸಿ ಸಮುದ್ರದ ಮೇಲೆ ಇಟ್ಟರೆ ಹೀಗೆ ಕಾಣಬಹುದು. ಕತ್ತಲಾಗುವಾಗ ಮಿರ್ಬಾತ್. ಎದುರಿನ ಬೆಟ್ಟದ ತಲೆಯ ಮೇಲೆ ಬಿಳೀ ಮೋಡದ ಒಂದು ಗೆರೆ.

"ಕಾಣ್ತಾ?" ಅಂದ ಕಾಪು. ಅವನ ಧ್ವನಿಯೇ ಬದಲಾಗಿತ್ತು.

ಐದನೇ ದಿನ: ಧೂಪದ ಬಂದರು

ಬೆಳಿಗ್ಗೆ ಸುಮ್ಹುರಮ್. ಕ್ರಿಸ್ತನಿಗೂ ಮೊದಲಿನ ಬಂದರು. ಇಲ್ಲಿಂದ ಲೋಬಾನ ಹೊರದೇಶಗಳಿಗೆ ಹೋಗುತ್ತಿತ್ತು. ಇಲ್ಲಿ ಅಗೆದಾಗ ನಮ್ಮ ದೇಶದ ಒಂದು ಕಂಚಿನ ಹೆಣ್ಣಿನ ಮೂರ್ತಿಯೂ, ತಮಿಳು ಬ್ರಾಹ್ಮಿ ಅಕ್ಷರ ಕೊರೆದ ಮಡಕೆಯ ಚೂರೂ ಸಿಕ್ಕಿವೆ. ಗೋಡೆಯ ಮೇಲೆ ನಿಂತರೆ ಕೆಳಗೆ ಅಳಿವೆ. ಮರಳದಿಣ್ಣೆ ಕಡಲಿಗೆ ಅಡ್ಡ ಮಲಗಿದೆ. ಹಂಗಾರಕಟ್ಟೆಯ ಕಡೆ ಹೋದ ಹಾಗಾಯಿತು. ವ್ಯತ್ಯಾಸ ಒಂದೇ, ನೀರಿನ ಬದಿಯಲ್ಲಿ ಒಂಟೆ.

ಲೋಬಾನದ ಮರವನ್ನೂ ನೋಡಿದೆ. ಕುಳ್ಳು, ಸೊಟ್ಟ, ತೊಗಟೆ ಕಾಗದದ ಹಾಗೆ ಸುಲಿದದ್ದು. ಇಷ್ಟು ಬಡಕಲು ಮರದ ಮೇಲೆ ಇಷ್ಟು ದೊಡ್ಡ ವ್ಯಾಪಾರ ನಡೆಯಿತಾ ಅನ್ನಿಸಿತು. ತೊಗಟೆ ಕೆತ್ತಿದರೆ ಹಾಲು ಒಸರುತ್ತದೆ, ಒಣಗಿದರೆ ಹರಳು. ಘಟ್ಟದ ಹಾಲುಮಡ್ಡಿ ಧೂಪದ ಮರವನ್ನು ಕೆತ್ತುವುದೂ ಹೀಗೆಯೇ. ಪೇಟೆಯಲ್ಲಿ ಹಸಿರು ಛಾಯೆಯ ಹೋಜರಿ ಅತಿ ದುಬಾರಿ. ಅಮ್ಮನಿಗೆ ನೂರು ಗ್ರಾಂ ಕೊಂಡೆ. ದೇವರ ಕೋಣೆಗಿಂತ ಹೆಚ್ಚಾಗಿ ಮುಗ್ಗಲು ಬಟ್ಟೆಗೆ ಹೊಗೆ ಹಿಡಿಯಲು ಬೇಕಾಗುತ್ತದೆ.

ಮಧ್ಯಾಹ್ನ ವಾದಿ ದರ್ಬಾತ್‌ಗೆ ಏರಿದೆವು. ಒಂದು ತಿರುವಿನವರೆಗೆ ಮಣ್ಣಿನ ಬಣ್ಣ. ಮುಂದಿನ ತಿರುವಿನಿಂದ ಹಸಿರು. ಯಾರೋ ಗೆರೆ ಎಳೆದು ಬಣ್ಣ ಹಚ್ಚಿದ ಹಾಗೆ. ಕಡಲಿನ ತಣ್ಣೀರಿನ ಮೇಲೆ ಹಾದು ಬರುವ ಮುಂಗಾರು ಗಾಳಿ ಮಂಜಾಗಿ ಈ ಬೆಟ್ಟಕ್ಕೆ ಬಡಿಯುತ್ತದೆ, ಮುಂದೆ ಹೋಗಲಾರದೆ ಇಲ್ಲೇ ಒಸರುತ್ತದೆ. ಬೆಟ್ಟದ ಬೆನ್ನಿನ ಆಚೆ ಮತ್ತೆ ಮರಳುಗಾಡೇ.

ಮಳೆ ಅಂದೆನಲ್ಲ, ಅದು ಮಳೆಯಲ್ಲ. ತುಂತುರು. ನಮ್ಮಲ್ಲಿ ಇಂಥದ್ದು ಬಂದರೆ "ಮಳೆ ನಿಂತಿತು" ಅನ್ನುತ್ತೇವೆ. ಸಲಾಲಾ ಊರಿನಲ್ಲಿ ವರ್ಷಪೂರ್ತಿ ಬೀಳುವಷ್ಟನ್ನು ಉಡುಪಿ ಆಟಿ ತಿಂಗಳ ಒಂದೇ ದಿನ ಸುರಿಸಿ ಮುಗಿಸುತ್ತದೆ. ಆದರೆ ಇಲ್ಲಿ ಜನ ನೋಡಬೇಕು! ಸೌದಿ, ದುಬೈ, ಕುವೈತ್ ನಂಬರಿನ ಕಾರುಗಳ ಸಾಲು. ಚಾಪೆ ಹಾಸಿ, ಮಕ್ಕಳು ಮರಿ ಸಮೇತ ಕುಳಿತು, ಚಹಾ ಕುಡಿಯುತ್ತ ಒದ್ದೆಯಾಗುತ್ತಿದ್ದಾರೆ. ಯಾರ ಕೈಯಲ್ಲೂ ಕೊಡೆಯಿಲ್ಲ. ನಾನು ಅಭ್ಯಾಸದಂತೆ ಮುರಿದ ಕೊಡೆ ಬಿಡಿಸಿದೆ. ಒಂದು ಪುಟ್ಟ ಹುಡುಗಿ ನನ್ನನ್ನು ತೋರಿಸಿ ಅವಳಪ್ಪನ ಹತ್ತಿರ ಏನೋ ಹೇಳಿ ನಕ್ಕಳು. ಮಡಚಿದೆ.

ಸಂಜೆ ಸಲಾಲಾ. ರಸ್ತೆ ಬದಿಯಲ್ಲಿ ತೆಂಗಿನ ತೋಟ, ಬಾಳೆ, ಪಪ್ಪಾಯಿ, ಮಡಲಿನ ಮಾಡಿನ ಅಂಗಡಿ, ಬೊಂಡದ ರಾಶಿ. ಬ್ರಹ್ಮಾವರದಲ್ಲಿ ಇಳಿದ ಹಾಗೆ. ಬೊಂಡ ಕಡಿದು ಕೊಟ್ಟವನಿಗೆ ಗಂಜಿ ಉಂಟಾ ಅಂತ ತುಳುವಿನಲ್ಲೇ ಕೇಳಿಬಿಡುತ್ತಿದ್ದೆ.

ಆರನೇ ದಿನ: ಇತೀನ್

ಬೆಳಿಗ್ಗೆ ಮುಗ್ಸೈಲ್. ಬಂಡೆಯಲ್ಲಿ ತೂತುಗಳಿವೆ. ಅಡಿಯಲ್ಲಿ ಅಲೆ ನುಗ್ಗಿದಾಗ ನೀರು ತೂತಿನಿಂದ ಮನೆಯೆತ್ತರಕ್ಕೆ ಚಿಮ್ಮುತ್ತದೆ. ಅದಕ್ಕೂ ಮೊದಲು ನೆಲದೊಳಗಿಂದ ಒಂದು ಉಸಿರು, ಗೂಳಿ ಬುಸುಗುಟ್ಟಿದ ಹಾಗೆ. ಕಬ್ಬಿಣದ ಜಾಲರಿ ಹಾಕಿದ್ದಾರೆ. ಖರೀಫ್‌ನಲ್ಲಿ ಕಡಲು ಇಲ್ಲಿ ನಮ್ಮ ಆಷಾಢದ ಕಡಲೇ, ಕಂದು ನೊರೆ, ಒರಟು ಸದ್ದು. ಯಾರೂ ನೀರಿಗೆ ಇಳಿಯುವುದಿಲ್ಲ.

ಸಂಜೆ ಇತೀನ್ ಬೆಟ್ಟ. ಮಂಜು ಎಷ್ಟಿತ್ತೆಂದರೆ ಮುಂದಿನ ಕಾರಿನ ಕೆಂಪು ದೀಪ ಮಾತ್ರ ಕಾಣುತ್ತಿತ್ತು. ಕಾಪು ಬದಿಗೆ ನಿಲ್ಲಿಸಿ ಇಂಜಿನ್ ಆರಿಸಿದ. ಗಾಜಿನ ಮೇಲೆ ಹನಿಗಳು ಸಣ್ಣಗೆ ಟಪಟಪ ಅನ್ನತೊಡಗಿದವು. ನಾನು ಅಮ್ಮನಿಗೆ ವಾಯ್ಸ್ ಮೆಸೇಜ್ ಕಳಿಸಿದೆ: "ಅಮ್ಮ, ಇಲ್ಲಿ ಮಳೆ." ಎರಡು ನಿಮಿಷದಲ್ಲಿ ಉತ್ತರ ಬಂತು. ಹಿನ್ನೆಲೆಯಲ್ಲಿ ಹಂಚಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಅವಳ ಮಾತೇ ಕೇಳಿಸುತ್ತಿರಲಿಲ್ಲ. "ಇಲ್ಲಿ ಕರೆಂಟಿಲ್ಲ... ತೋಡು ತುಂಬಿ ಅಂಗಳಕ್ಕೆ ಬಂದಿದೆ... ನೀನು ತಲೆ ಒರೆಸಿಕೋ ಮಗಾ."

ನಾನು ನಗುತ್ತ ಪಕ್ಕಕ್ಕೆ ತಿರುಗಿದೆ. ಕಾಪು ನಗುತ್ತಿರಲಿಲ್ಲ.

"ಇನ್ನೊಮ್ಮೆ ಹಾಕು."

"ಎಂತ?"

"ನಿನ್ನಮ್ಮನ ಮೆಸೇಜ್."

ಹಾಕಿದೆ. ಅವನು ನನ್ನ ಕೈಯಿಂದ ಮೊಬೈಲ್ ತೆಗೆದು ಕಿವಿಗೆ ಹಿಡಿದುಕೊಂಡ. ಅವನಿಗೆ ರಜೆ ಸಿಗುವುದು ಏಪ್ರಿಲ್‌ನಲ್ಲಿ, ಮದುವೆಗಳ ಕಾಲದಲ್ಲಿ. ಊರಿನ ಮಳೆಗಾಲ ಕಂಡು ಹನ್ನೊಂದು ವರ್ಷವಾಯಿತು ಅಂತ ಆಗ ಹೇಳಿದ. ಅದನ್ನೂ ಲೆಕ್ಕದ ಹಾಗೇ ಹೇಳಿದ.

ಕತ್ತಲಾಗುತ್ತ ಬಂತು. ಗಾಜಿನ ತುಂಬ ಹನಿ. ಹೊರಗೆ ಏನೂ ಕಾಣಿಸುತ್ತಿರಲಿಲ್ಲ.

"ವೈಪರ್ ಹಾಕು ಮಾರಾಯ, ಹೋಗುವ" ಅಂದೆ.

"ಇರಲಿ. ಸ್ವಲ್ಪ ಹೊತ್ತು."